ಹಕಾರ ಕಳವಾದ ಪ್ರಕರಣ

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಮುದುಕರು ಮೊದಲು ಬಾಗಿಲ ಚೌಕಟ್ಟು ಹಿಡಿದು ಉಸಿರು ತೆಗೆದುಕೊಂಡರು, ಆಮೇಲೆ ತಲೆಯ ಮೇಲಿನ ಬಿಳಿ ಟೋಪಿ ಸರಿಮಾಡಿಕೊಂಡು ‘ಹಕಾರ ಕಳವಾಗಿದೆ’ ಎಂದರು.

ದಫೇದಾರ ಬರೆಯುತ್ತಿದ್ದ ಕಾಗದದಿಂದ ತಲೆ ಎತ್ತಲಿಲ್ಲ. ‘ಯಾವ ಕಾರು? ನಂಬರ್ ಹೇಳಿ.’

‘ಕಾರಲ್ಲಪ್ಪಾ. ಹಕಾರ. ಹ ಅನ್ನೋ ಅಕ್ಷರ.’

ದಫೇದಾರ ಪೆನ್ನು ಕೆಳಗಿಟ್ಟ. ಹದಿನೆಂಟು ವರ್ಷದ ನೌಕರಿಯಲ್ಲಿ ಅವನು ಹಸು, ಸೈಕಲ್ಲು, ಒಮ್ಮೆ ಒಂದು ಇಡೀ ಬಸ್ ನಿಲ್ದಾಣದ ಬೆಂಚು ಕಳವಾದ ದೂರು ಬರೆದುಕೊಂಡಿದ್ದ. ಅಕ್ಷರ ಇದೇ ಮೊದಲು. ಅವನ ಮುಖ ನೋಡಿದ ಇನ್‌ಸ್ಪೆಕ್ಟರ್ ಒಳಕೋಣೆಯಿಂದ ಎದ್ದು ಬಂದು, ಮುದುಕರಿಗೆ ಕುರ್ಚಿ ಎಳೆದು ಕೊಟ್ಟು, ಎದುರಿಗೆ ತಾವೂ ಕುಳಿತರು.

ವಿಷಯ ಇಷ್ಟು. ಬಂದವರು ಹೈಸ್ಕೂಲಿನಲ್ಲಿ ಅರಬ್ಬಿ, ಪಾರಸಿ ಕಲಿಸಿ ನಿವೃತ್ತರಾದ ಮೇಷ್ಟ್ರು. ಅದೇ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಪಂಡಿತರೂ ಇವರೂ ಕೂಡಿ ಹನ್ನೆರಡು ವರ್ಷದಿಂದ ಒಂದು ನಿಘಂಟು ಮಾಡುತ್ತಿದ್ದರು. ಅರಬ್ಬಿ, ಪಾರಸಿಯಿಂದ ಕನ್ನಡಕ್ಕೆ ಬಂದು ನೆಲೆಸಿದ ಮಾತುಗಳ ನಿಘಂಟು. ಒಂದು ಮಾತಿಗೆ ಒಂದು ಕಾರ್ಡು. ಒಂದು ಅಕ್ಷರಕ್ಕೆ ಒಂದು ಮರದ ಡ್ರಾಯರ್. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಬೀಗ ಹಾಕಿ ಇಟ್ಟಿದ್ದು. ಬರುವ ಸೋಮವಾರ ಎಲ್ಲವೂ ಅಚ್ಚಿಗೆ ಹೋಗಬೇಕಿತ್ತು. ಇಂದು ಬಾಗಿಲು ತೆಗೆದರೆ ಕೊನೆಯ ಡ್ರಾಯರ್ ಇಲ್ಲ.

‘ನಕಲು ಇಟ್ಟಿಲ್ವಾ?’

‘ಅಸಲೇ ಈಗ ಮುಗಿದಿದ್ದು ಮೇಡಂ. ನಕಲು ಎಲ್ಲಿಂದ ಬರಬೇಕು?’

ದಫೇದಾರ ದೂರು ಬರೆಯಲು ಶುರುಮಾಡಿದ. ‘ಫಿರ್ಯಾದಿ ನೀವೇ ಅಲ್ವಾ? ತಾರೀಖು ಹಾಕ್ತೀನಿ. ಹೇಳಿದ್ದನ್ನ ದಾಖಲು ಮಾಡ್ಕೊಂಡು ತನಿಖೆ ಶುರು ಮಾಡ್ತೀವಿ.’

ಅಷ್ಟು ಹೊತ್ತು ಬಾಡಿದ್ದ ಮೇಷ್ಟರ ಮುಖ ಅರಳಿತು. ‘ಫಿರ್ಯಾದಿ ಪಾರಸಿ. ತಾರೀಖು, ದಾಖಲು, ತನಿಖೆ ಅರಬ್ಬಿ. ನಿಮ್ಮ ದಫೇದಾರ ಪದವಿ ಇದೆಯಲ್ಲ, ಅರ್ಧ ಅರಬ್ಬಿ, ಅರ್ಧ ಪಾರಸಿ.’

‘ಹಾಗಾದ್ರೆ ನಮ್ಮ ಠಾಣೇಲಿ ಕನ್ನಡ ಅಂತ ಏನೂ ಇಲ್ವಾ?’ ದಫೇದಾರನಿಗೆ ಸ್ವಲ್ಪ ಬೇಜಾರೇ ಆಯಿತು.

‘ಅಯ್ಯೋ, ಎಲ್ಲಾ ಕನ್ನಡವೇ. ಸೊಸೆ ಮನೆಗೆ ಬಂದು ಮೊಮ್ಮಕ್ಕಳಾದ ಮೇಲೂ ಅವಳನ್ನ ನೆಂಟರು ಅಂತಾರೇನಪ್ಪಾ?’ ಎಂದ ಮೇಷ್ಟ್ರು ತಕ್ಷಣ ಮತ್ತೆ ಕುಗ್ಗಿದರು. ‘ಈ ಡ್ರಾಯರ್ ಹುಡುಕಿ ಕೊಡಿ. ಬೆಳಿಗ್ಗೆಯಿಂದ ಹೈರಾಣಾಗಿಬಿಟ್ಟಿದ್ದೀನಿ.’ ‘ಹೈರಾಣ ಅನ್ನೋ ಕಾರ್ಡೂ ಅದರಲ್ಲೇ ಇತ್ತು’ ಎಂದರು.

ಎಫ್‌ಐಆರ್ ದಾಖಲಾಯಿತು. ಹನ್ನೊಂದೂಮುಕ್ಕಾಲಿಗೆ ಇನ್‌ಸ್ಪೆಕ್ಟರ್ ಸ್ಥಳಕ್ಕೆ ಹೋದರು. ಗ್ರಂಥಪಾಲಕಿಯನ್ನೂ, ಪತ್ರಿಕೆ ಓದುತ್ತಾ ಕುಳಿತಿದ್ದ ನಿವೃತ್ತ ಅಂಚೆಯವರನ್ನೂ ಪಂಚರನ್ನಾಗಿ ಮಾಡಿಕೊಂಡು ಪಂಚನಾಮೆ ನಡೆಯಿತು. ಕೋಣೆಗೆ ಒಂದೇ ಬಾಗಿಲು, ಒಂದೇ ಕಿಟಕಿ. ಕಿಟಕಿಗೆ ಕಬ್ಬಿಣದ ಸರಳು. ಬೀಗಕ್ಕೆ ಗೀರು ಸಹ ಬಿದ್ದಿಲ್ಲ. ಗೋಡೆಯುದ್ದಕ್ಕೂ ಡ್ರಾಯರ್‌ಗಳ ಸಾಲು, ಪ್ರತಿಯೊಂದರಲ್ಲೂ ಹುಳ ಹತ್ತದಂತೆ ನುಸಿಗುಳಿಗೆ. ಆ ಘಾಟಿಗೆ ದಫೇದಾರ ಮೂರು ಸಲ ಸೀನಿದ. ಕೊನೆಯ ಡ್ರಾಯರ್ ಇದ್ದ ಜಾಗ ಹಲ್ಲು ಬಿದ್ದ ಬಾಯಿಯಂತೆ ಕಪ್ಪಗೆ ಕಾಣುತ್ತಿತ್ತು.

‘ಬೀಗದ ಕೈ ಯಾರ ಹತ್ರ ಇದೆ?’

‘ನನ್ನ ಹತ್ರ ಒಂದು, ಇವರಿಬ್ಬರ ಹತ್ರ ಒಂದೊಂದು’ ಎಂದರು ಗ್ರಂಥಪಾಲಕಿ.

ಪಂಡಿತರು ಕೋಣೆಯ ಮೂಲೆಯಲ್ಲಿ ಮಂಡಿ ನೀವಿಕೊಳ್ಳುತ್ತಾ ಸ್ಟೂಲಿನ ಮೇಲೆ ಕುಳಿತಿದ್ದರು. ಮೇಷ್ಟ್ರು ಇನ್‌ಸ್ಪೆಕ್ಟರ್ ಕಿವಿಯ ಬಳಿ ಬಗ್ಗಿ, ‘ಅವರನ್ನ ಏನೂ ಕೇಳ್ಬೇಡಿ. ಪಾಪ, ನನಗಿಂತ ಹೆಚ್ಚು ನೊಂದಿದ್ದಾರೆ’ ಎಂದರು.

ಕೇಳದೆ ಬಿಡುವುದಕ್ಕೆ ಆಗುತ್ತದೆಯೇ?

‘ನಿನ್ನೆ ಬಂದಿದ್ರಾ?’

‘ಬಂದಿದ್ದೆ. ಸ್ವಲ್ಪ ಹೊತ್ತು.’

‘ಮೇಷ್ಟ್ರು ಇದ್ರಾ?’

‘ಇಲ್ಲ. ಅವರು ಟಿಕೆಟ್ ಮಾಡಿಸೋಕೆ ಹೋಗಿದ್ರು. ಮಗಳ ಊರಿಗೆ.’ ಪಂಡಿತರು ಆ ಮಾತನ್ನು ಕಹಿ ಗುಳಿಗೆ ಉಗಿದಂತೆ ಹೇಳಿದರು.

‘ಆಗ ಡ್ರಾಯರ್ ಇತ್ತಾ?’

‘ಗಮನಿಸಲಿಲ್ಲ.’

ಅಷ್ಟರಲ್ಲಿ ಮೇಷ್ಟ್ರು ಖಾಲಿ ಜಾಗಕ್ಕೆ ಕೈಹಾಕಿ ಸವರುತ್ತಾ, ‘ಎಲ್ಲಿ ಎಸೆದಿದ್ದಾರೋ ಏನೋ. ನೀರು ಬಿದ್ದರೆ ಶಾಯಿ ಹರಡಿ ಹೋಗುತ್ತೆ’ ಎಂದರು.

‘ಒದ್ದೆ ಆಗಲ್ಲ ಬಿಡ್ರೀ, ಅದಕ್ಕೇನೂ ಆಗಲ್ಲ’ ಎಂದರು ಪಂಡಿತರು ಥಟ್ಟನೆ.

ಇನ್‌ಸ್ಪೆಕ್ಟರ್ ತಿರುಗಿದರು. ‘ನಿಮಗೆ ಹೇಗೆ ಗೊತ್ತು?’

‘ಗೊತ್ತು ಅಂತಲ್ಲ. ಕಳ್ಳನಿಗೂ ಒಂದಿಷ್ಟು ಬುದ್ಧಿ ಇರುತ್ತಲ್ವಾ ಮೇಡಂ.’

ಪಂಚನಾಮೆಗೆ ಸಹಿ ಹಾಕುವಾಗ ಮೇಷ್ಟ್ರು ಅಭ್ಯಾಸಬಲದಿಂದ ಗೆಳೆಯನ ಕಡೆ ನೋಡಿ, ‘ಪಂಚ ನಿಮ್ಮದು, ನಾಮೆ ನಮ್ಮದು’ ಎಂದರು. ಪಂಡಿತರು ನಗಲಿಲ್ಲ.

ಮಧ್ಯಾಹ್ನ ದಫೇದಾರ ರದ್ದಿ ಅಂಗಡಿಗಳನ್ನು ಸುತ್ತಿದ. ಕಾರ್ಡುಗಳ ಅಳತೆ ಕೇಳಿದ ರದ್ದಿಯವನು, ‘ಅಂಗೈಯಗಲದ ಚೀಟಿ ಕಟ್ಟೋದಕ್ಕೇ ನನ್ನ ದಿನ ಹೋಗುತ್ತೆ ಸ್ವಾಮಿ, ಅದನ್ನ ಯಾರು ತಗೋತಾರೆ?’ ಎಂದು ನಕ್ಕುಬಿಟ್ಟ. ದಫೇದಾರ ಹೊರಟವನು ನಿಂತು, ‘ರದ್ದಿ ಅನ್ನೋದು ಯಾವ ಭಾಷೆ ಗೊತ್ತಾ?’ ಎಂದು ಅವನನ್ನೇ ಕೇಳಿದ. ಅವನಿಗೆ ಗೊತ್ತಿರಲಿಲ್ಲ. ದಫೇದಾರನಿಗೂ ಗೊತ್ತಿರಲಿಲ್ಲ. ಆದರೆ ಅಂದಿನಿಂದ ಅವನಿಗೆ ಅದೊಂದು ಹುಚ್ಚು ಹತ್ತಿತು.

ಇನ್‌ಸ್ಪೆಕ್ಟರ್ ಗ್ರಂಥಾಲಯದ ಗೇಟಿನ ಕಾವಲುಗಾರನನ್ನು ಹಿಡಿದರು.

‘ಬುಧವಾರ ಯಾರಾದ್ರೂ ದೊಡ್ಡ ಚೀಲ, ಪೆಟ್ಟಿಗೆ ಏನಾದ್ರೂ ಹೊರಗೆ ಒಯ್ದರಾ?’

‘ಇಲ್ಲಮ್ಮ. ಚೀಲ ಇದ್ರೆ ಬಿಚ್ಚಿಸಿ ನೋಡ್ತೀನಿ. ಅದೇ ನನ್ನ ಕೆಲಸ.’

‘ಬಿಚ್ಚಿಸದೆ ಬಿಟ್ಟಿದ್ದು ಯಾರನ್ನ?’

ಕಾವಲುಗಾರ ಯೋಚಿಸಿದ. ‘ಯಾರನ್ನೂ ಬಿಡಲಿಲ್ಲ. ಪಂಡಿತ್ರು ಮಾತ್ರ ಮೊಮ್ಮಗಳನ್ನ ತಳ್ಳುಗಾಡೀಲಿ ಕೂರಿಸ್ಕೊಂಡು ಬಂದಿದ್ರು. ಹೋಗುವಾಗ ಮಗು ಮಲಗಿಬಿಟ್ಟಿತ್ತು. ಮುಖದ ತನಕ ಹೊದಿಸಿದ್ರು. ಎಬ್ಬಿಸಬೇಡಪ್ಪಾ ಅಂತ ಸನ್ನೆ ಮಾಡಿದ್ರು, ನಾನೇ ಗೇಟು ತೆಗೆದೆ.’

‘ಬರುವಾಗ ಮಗು ಎದ್ದಿತ್ತಾ?’

ಕಾವಲುಗಾರನ ಬಾಯಿ ತೆರೆದುಕೊಂಡಿತು. ‘ಬರುವಾಗಲೂ ಹೊದಿಸಿಯೇ ಇತ್ತು ಅಮ್ಮಾ.’

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಇನ್‌ಸ್ಪೆಕ್ಟರ್, ದಫೇದಾರ ಪಂಡಿತರ ಮನೆಯ ಬಾಗಿಲು ತಟ್ಟಿದರು. ಪಂಡಿತರು ಹಾಲು ತರಲು ಹೋಗಿದ್ದರು. ಸೊಸೆ ಬಾಗಿಲು ತೆಗೆದಳು. ಕಂಕುಳಲ್ಲಿ ಎರಡು ಹಲ್ಲಿನ ಮಗು. ಅದು ಬಂದವರನ್ನು ನೋಡಿದ್ದೇ ಇನ್‌ಸ್ಪೆಕ್ಟರ್ ಭುಜದ ನಕ್ಷತ್ರಕ್ಕೆ ಕೈಹಾಕಿತು.

‘ಬುಧವಾರ ಮಗು ಎಲ್ಲಿತ್ತಮ್ಮ?’

‘ನನ್ನ ಜೊತೆ ಆಸ್ಪತ್ರೆಗೆ ಬಂದಿತ್ತು ಮೇಡಂ, ಲಸಿಕೆಗೆ. ಆಸ್ಪತ್ರೆ ಎಲ್ಲಾ ಒಂದಾಗೋ ಹಾಗೆ ಅತ್ತಿದೆ. ಯಾರನ್ನ ಬೇಕಾದ್ರೂ ಕೇಳಿ.’

‘ತಳ್ಳುಗಾಡಿ ಒಯ್ದಿರಲಿಲ್ವಾ?’

‘ಇಲ್ಲ, ಎತ್ಕೊಂಡೇ ಹೋದೆ. ಮಾವ ಗಾಡಿಗೆ ಎಣ್ಣೆ ಬಿಡ್ತೀನಿ, ಕಿರುಗುಟ್ಟುತ್ತೆ ಅಂದಿದ್ರು.’ ಅವಳು ಹುಬ್ಬು ಗಂಟಿಕ್ಕಿದಳು. ‘ಅದೇನು ಎಣ್ಣೆಯೋ ಕಾಣೆ. ಅವತ್ತಿಂದ ಗಾಡಿ ನುಸಿಗುಳಿಗೆ ವಾಸನೆ ಹೊಡೀತಿದೆ. ಎರಡು ಸಲ ತೊಳೆದೆ.’

ದಫೇದಾರ ಗಾಡಿಯ ಹತ್ತಿರ ಬಗ್ಗಿ ಮೂಸಿದ. ಸೀನಿದ. ಮಗು ಕೇಕೆ ಹಾಕಿ ನಕ್ಕಿತು.

ಡ್ರಾಯರ್ ಪಂಡಿತರ ಮಂಚದ ಕೆಳಗೆ, ಗೋಡೆಯಿಂದ ದೂರ, ಎರಡು ಇಟ್ಟಿಗೆಯ ಮೇಲೆ ಇತ್ತು. ಕೆಳಗೆ ಪ್ಲಾಸ್ಟಿಕ್ ಹಾಳೆ, ಮೇಲೆ ಮಗುವಿನ ಹಳದಿ ಹೊದಿಕೆ. ಕಾರ್ಡುಗಳು ಹೇಗಿದ್ದವೋ ಹಾಗೇ ಇದ್ದವು: ಹಕ್ಕು, ಹಾಜರಿ, ಹಿಸ್ಸೆ, ಹುಕುಂ, ಹೈರಾಣ. ಹಾಲಿನ ಪಾತ್ರೆ ಹಿಡಿದು ಒಳಬಂದ ಪಂಡಿತರು ಮಂಚದ ಪಕ್ಕ ಮಂಡಿಯೂರಿದ್ದ ದಫೇದಾರನನ್ನು ನೋಡಿದರು. ಓಡಲಿಲ್ಲ, ಸುಳ್ಳು ಹೇಳಲಿಲ್ಲ. ಪಾತ್ರೆಯನ್ನು ಸೊಸೆಯ ಕೈಗೆ ಕೊಟ್ಟು, ‘ಹುಷಾರಾಗಿ ಎತ್ತಪ್ಪಾ, ಹಿಡಿ ಸ್ವಲ್ಪ ಸಡಿಲ ಇದೆ’ ಎಂದರು.

ಜಪ್ತಿ ಪಂಚನಾಮೆ ಮುಗಿಸಿ ಹನ್ನೊಂದು ಗಂಟೆಗೆ ಠಾಣೆಗೆ ಬಂದರು. ಕರೆ ಹೋಗಿ ಮೇಷ್ಟ್ರು ಓಡೋಡಿ ಬಂದರು. ಮೇಜಿನ ಮೇಲೆ ಡ್ರಾಯರ್ ಕಂಡು ಅವರ ಕಣ್ಣು ತುಂಬಿತು. ಬೆಂಚಿನ ಮೇಲೆ ಪಂಡಿತರನ್ನು ಕಂಡಾಗ ಏನೂ ಅರ್ಥವಾಗದೆ, ‘ಇವರು ಹುಡುಕಿ ಕೊಟ್ಟರಾ?’ ಎಂದು ಕೇಳಿದರು.

ದಫೇದಾರ ಕಿಟಕಿಯ ಕಡೆ ನೋಡಿದ.

‘ನಾನೇ ಒಯ್ದೆ ಕಣ್ರೀ, ಮೊಮ್ಮಗಳ ಗಾಡೀಲಿ ಹೊದಿಸ್ಕೊಂಡು’ ಎಂದರು ಪಂಡಿತರು.

‘ಯಾಕೆ?’

‘ಸೋಮವಾರ ಅಚ್ಚಿಗೆ ಹೋಗುತ್ತೆ. ಮಂಗಳವಾರ ನೀವು ಮಗಳ ಮನೆಗೆ. ಬುಧವಾರ ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಿ?’ ಅವರ ಸ್ವರ ಗಟ್ಟಿಯಾಗಿಯೇ ಇತ್ತು. ‘ಹನ್ನೆರಡು ವರ್ಷ. ಖುಷಿ ಅನ್ನೋ ಒಂದು ಮಾತಿಗೆ ಎಂಟು ದಿನ ಜಗಳ ಆಡಿದೀವಿ. ದರ್ಜಿ ಕಟ್ಟೆ, ಕೋರ್ಟಿನ ಜಗಲಿ, ಸಾಬೂನಿನ ಕಾರ್ಖಾನೆ, ಮಾತು ಹುಡುಕ್ಕೊಂಡು ಎಲ್ಲಿ ಹೋಗಿಲ್ಲ? ಅರಬ್ಬರ ಹಳೇ ನಿಘಂಟುಕಾರರು ಒಂದು ಮಾತಿಗಾಗಿ ಮರಳುಗಾಡಿನ ಗುಡಾರದಲ್ಲಿ ತಿಂಗಳುಗಟ್ಟಲೆ ಕೂರ್ತಿದ್ರು ಅಂತ ನೀವೇ ಹೇಳಿದ್ದು. ಹಕಾರ ಇಲ್ದಿದ್ರೆ ಮತ್ತೆ ಬರೀಬೇಕು. ಆರು ತಿಂಗಳಾದ್ರೂ ಹಿಡಿಯುತ್ತೆ. ಅಷ್ಟೇ ನನ್ನ ಲೆಕ್ಕ.’

ಮೇಷ್ಟ್ರು ಅವರನ್ನೇ ನೋಡಿದರು. ಆಮೇಲೆ ಅವರ ಹೊಟ್ಟೆ ಅಲ್ಲಾಡತೊಡಗಿತು. ಅಳುತ್ತಿದ್ದಾರೆಂದು ಇನ್‌ಸ್ಪೆಕ್ಟರ್ ನೀರು ತರಿಸಲು ಹೊರಟರು. ಅಳುವಲ್ಲ, ನಗು. ಕೋಣೆಯ ಕಿಟಕಿಯ ಗಾಜು ನಡುಗುವಂಥ ನಗು.

‘ಮಗು ಗಾಡೀಲಿ! ಹುಕುಮ್ಮು, ಹುಜೂರು ಎಲ್ಲಾ ಮಗು ಗಾಡೀಲಿ ಮಲಗಿಸ್ಕೊಂಡು! ಅಯ್ಯೋ ನಿನ್ನ...’ ಇಷ್ಟು ವರ್ಷ ನೀವು ಎನ್ನುತ್ತಿದ್ದ ಮನುಷ್ಯ ಮೊದಲ ಸಲ ನೀನು ಎಂದದ್ದು ಇಬ್ಬರಿಗೂ ಗೊತ್ತಾಯಿತು. ‘ಸಕಾರದ ಕಾರ್ಡುಗಳನ್ನ ನಾನು ಯಾಕೆ ಎರಡೆರಡು ಸಲ ತಿದ್ದಿದೆ ಅಂದ್ಕೊಂಡೆ? ತಪ್ಪಿತ್ತು ಅಂತಲಾ? ಒಂದೂ ಇರಲಿಲ್ಲ ಕಣೋ. ನನಗೂ ಮುಗಿಸೋ ಮನಸ್ಸಿರಲಿಲ್ಲ.’

ಪಂಡಿತರು ತಲೆ ಎತ್ತಿದರು.

‘ಆದ್ರೆ ಮುಗಿಸ್ಬೇಕು’ ಎಂದರು ಮೇಷ್ಟ್ರು. ‘ನಾನು ಹೋಗ್ಲೂಬೇಕು, ಮಗಳು ಕಾಯ್ತಿದ್ದಾಳೆ. ಅವಳಿರೋದು ಬಂದರಿನ ಊರು, ಅರಬ್ಬಿ ಆಡೋ ಊರು. ಅಲ್ಲಿ ಮೆಣಸಿಗೆ ಫಿಲ್ಫಿಲ್ ಅಂತಾರೆ. ಅದು ಯಾವುದು ಹೇಳು?’

‘ಪಿಪ್ಪಲಿ’ ಎಂದರು ಪಂಡಿತರು, ತಾವು ಆರೋಪಿ ಎಂಬುದನ್ನೇ ಮರೆತು. ‘ನಮ್ಮ ಹಿಪ್ಪಲಿ. ಸುಕ್ಕರ್ ನಮ್ಮ ಶರ್ಕರೆ. ಹಡಗಿನಲ್ಲಿ ಹೋಗಿದ್ದು.’

‘ಬಂದ ಮಾತು ಮುಗೀತು. ಹೋದ ಮಾತು ಹಾಗೇ ಬಿದ್ದಿದೆ. ನಾನು ಅಲ್ಲಿಂದ ಹುಡುಕ್ತೀನಿ, ನೀನು ಇಲ್ಲಿಂದ ಹುಡುಕು. ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಫೋನಿನಲ್ಲಿ ಜಗಳ. ವರ್ಷಕ್ಕೆ ಒಂದು ಸಲ ಬರ್ತೀನಿ, ಮುಖಾಮುಖಿ ಜಗಳಕ್ಕೆ.’ ಅವರು ಇನ್‌ಸ್ಪೆಕ್ಟರ್ ಕಡೆ ತಿರುಗಿ ಕೈಮುಗಿದರು. ‘ಮೇಡಂ, ನನ್ನ ದೂರು ವಾಪಸ್ ಕೊಟ್ಬಿಡಿ.’

‘ಎಫ್‌ಐಆರ್ ಆಗಿದೆ, ಹರಿದು ಹಾಕೋಕಾಗಲ್ಲ’ ಎಂದರು ಇನ್‌ಸ್ಪೆಕ್ಟರ್, ನಗು ಬರದಂತೆ ತುಟಿ ಬಿಗಿದು. ಮೇಲಧಿಕಾರಿಗೆ ಫೋನ್ ಮಾಡಿ ಐದು ನಿಮಿಷ ಮಾತಾಡಿ ಬಂದರು. ಬಂಧನ ತೋರಿಸಲೇಬೇಕು. ಠಾಣೆಯಲ್ಲೇ ಜಾಮೀನು ಕೊಡಬಹುದು. ರಾಜಿಯ ಮಾತನ್ನು ನ್ಯಾಯಾಲಯದ ಮುಂದೆ ಇಟ್ಟರಾಯಿತು. ಜಾಮೀನುದಾರರು ಯಾರು ಎಂದು ಕೇಳುವಷ್ಟರಲ್ಲಿ ಫಿರ್ಯಾದಿಯೇ ಪೆನ್ನು ಕೈಗೆತ್ತಿಕೊಂಡಿದ್ದರು.

ದಫೇದಾರ ಬಂಧನದ ಸಮಯ ಬರೆದ: ಹನ್ನೆರಡು ಹತ್ತು. ಬರೆಯುತ್ತಾ ನಿಂತುಬಿಟ್ಟ. ‘ಮೇಷ್ಟ್ರೇ, ದಸ್ತಗಿರಿ ಮಾಡಲಾಗಿದೆ ಅಂತ ಬರೀತಿದ್ದೀನಿ. ಇದೂ ನಿಮ್ಮದೇನಾ?’

‘ಪಾರಸಿ. ದಸ್ತ್ ಅಂದ್ರೆ ಕೈ. ದಸ್ತಗಿರಿ ಅಂದ್ರೆ ಕೈ ಹಿಡಿಯೋದು.’

‘ಕಳ್ಳನ ಕೈ.’

‘ಕಳ್ಳನದೂ ಹೌದು’ ಎಂದು ಉತ್ತರ ಕೊಟ್ಟವರು ಪಂಡಿತರು. ‘ಬಿದ್ದವನ ಕೈ ಹಿಡಿದು ಎತ್ತೋದಕ್ಕೂ ಅಲ್ಲಿ ಅದೇ ಮಾತು. ನಾವು ಇಲ್ಲಿಗೆ ತಂದುಕೊಳ್ಳುವಾಗ ಠಾಣೆಯ ಅರ್ಥ ಒಂದನ್ನೇ ತಂದ್ವಿ.’

ಅವರು ಏಳಲು ನೋಡಿದರು. ಬೆಂಚು ತಗ್ಗು, ಮಂಡಿ ಹಿಡಿದಿತ್ತು, ಆಗಲಿಲ್ಲ. ಇನ್‌ಸ್ಪೆಕ್ಟರ್ ಮುಂದೆ ಬರುವ ಮೊದಲೇ ಮೇಷ್ಟ್ರು ಎರಡೂ ಕೈ ಚಾಚಿ ಗೆಳೆಯನನ್ನು ಎಬ್ಬಿಸಿದರು. ಎಬ್ಬಿಸಿದ ಮೇಲೂ ಬಿಡಲಿಲ್ಲ. ಇಬ್ಬರೂ ಹಾಗೇ ಮೆಟ್ಟಿಲು ಇಳಿದರು. ಗೇಟು ದಾಟುವ ಮುಂಚೆಯೇ ನಿಂಬೆ ಅಲ್ಲಿಂದ ಬಂದಿದ್ದೋ ಇಲ್ಲಿಂದ ಹೋಗಿದ್ದೋ ಎಂದು ಜೋರು ದನಿಯಲ್ಲಿ ವಾದ ಹತ್ತಿತು.

ಡ್ರಾಯರ್ ಸೋಮವಾರದೊಳಗೆ ಅಚ್ಚಿಗೆ ಸಿಗುವಂತೆ ನ್ಯಾಯಾಲಯಕ್ಕೆ ಅರ್ಜಿ ಹೊರಟಿತು. ಇನ್‌ಸ್ಪೆಕ್ಟರ್ ಕೇಸ್ ಡೈರಿ ತೆಗೆದರು. ಕೃತ್ಯದ ಉದ್ದೇಶ ಎಂಬ ಕಡೆ ಹಣ ಎಂದೋ ದ್ವೇಷ ಎಂದೋ ಬರೆದು ಅವರ ಕೈ ಪಳಗಿತ್ತು. ಇವತ್ತು ಸ್ವಲ್ಪ ಹೊತ್ತು ಪೆನ್ನು ಹಿಡಿದು ಕುಳಿತರು. ಆಮೇಲೆ ಬರೆದರು: ‘ಪುಸ್ತಕ ಮುಗಿದರೆ ಗೆಳೆಯ ನಾಳೆಯಿಂದ ಬರುವುದಿಲ್ಲ ಎಂಬ ಭಯ.’