ಉಲ್ಟಾ ಕೂತ ಬಾಣ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಪ್ಪ ಎಲ್ಲರ ಮುಂದೆಯೂ ಹೇಳುತ್ತಾರೆ. ಆದರೆ ಆ ಪಿಕಪ್‌ನವನು ನಮ್ಮ ಟೈರ್ ಅಂಗಡಿಗೆ ಐದನೇ ಸಲ ಬಂದ ದಿನ ನನಗೆ ಬಂದದ್ದು ಕೋಪವಲ್ಲ. ಬೆಳಗಿನಿಂದ ನಿಂತಲ್ಲಿ ನಿಲ್ಲಲಾಗದೆ, ಕೂತಲ್ಲಿ ಕೂರಲಾಗದೆ ಒದ್ದಾಡಿದ್ದೆ. ಅವತ್ತು ಟೈರ್ ಹಾಕಿಸಿಕೊಂಡು ಅವನು ಹೊರಟುಬಿಡುತ್ತಾನೆ. ಬೆಟ್ಟದ ಮೇಲೆ ಗಾಳಿಯಂತ್ರ ಕೂರಿಸುವ ಕೆಲಸ. ಎರಡು ವರ್ಷ!

ಮೊದಲ ಸಲ ಬಂದಾಗಲೇ ನಮಗೆ ಜಗಳ. ಎರಡು ಇಂಚು ಎತ್ತರಿಸಿದ ಗಾಡಿ, ಫಳಫಳ ಹೊಳೆಯುವ ಸ್ಟೀಲ್ ಬಂಪರ್, ತಲೆಯ ಮೇಲೆ ಸಾಲು ಲೈಟು.

"ಮಡ್ ಟೈರ್ ಬೇಕು. ಇರೋದ್ರಲ್ಲೇ ದೊಡ್ಡದು," ಅಂದ.

"ಕೆಸರಲ್ಲಿ ಓಡಿಸ್ತೀರಾ?"

"ಇಲ್ಲ. ಬೆಟ್ಟದ ಟಾರ್ ರಸ್ತೆ."

"ಮತ್ತೆ ಮಡ್ ಟೈರ್ ಯಾಕ್ರೀ? ಮಳೇಲಿ ತಿರುವಲ್ಲಿ ಜಾರಿದ್ರೆ ಗಾಡಿ ಚೆನ್ನಾಗೇ ಕಾಣುತ್ತೆ, ನೋಡೋಕೆ ನೀವಿರಲ್ಲ."

ಅವನು ನಕ್ಕ. ನಗುವಾಗ ಅವನ ಒಂದು ಹುಬ್ಬು ಮಾತ್ರ ಮೇಲೇರುತ್ತದೆ. ನಾನು ಅದನ್ನು ನೋಡಬಾರದಿತ್ತು.

ಆಮೇಲೆ ಅಳೆದೂ ಸುರಿದೂ ಮತ್ತೆ ಮೂರು ಸಲ ಬಂದ. ಅಗಲ ಎಷ್ಟು ಎಂದು ಕೇಳಲು ಒಮ್ಮೆ, ಸ್ಟೀರಿಂಗ್ ತಿರುಗಿಸಿದರೆ ಚಕ್ರದ ಮೇಲಿನ ಫೆಂಡರಿಗೆ ಉಜ್ಜುತ್ತದೆಯೇ ಎಂದು ಕೇಳಲು ಒಮ್ಮೆ, ಏನು ಕೇಳಬೇಕೆಂಬುದನ್ನೇ ಮರೆತು ಇನ್ನೊಮ್ಮೆ. ಕೊನೆಗೆ ನಾನು ಹೇಳಿದ್ದನ್ನೇ ಒಪ್ಪಿಕೊಂಡ: ನೀರನ್ನು ಹೊರಕ್ಕೆ ತಳ್ಳುವ ಗೆರೆಗಳಿರುವ ಪರ್ಫಾರ್ಮೆನ್ಸ್ ಟೈರ್. ಅದಕ್ಕೊಂದು ನಿಯಮವಿದೆ. ಟೈರಿನ ಪಕ್ಕದಲ್ಲಿ ಒತ್ತಿರುವ ಬಾಣ, ಗಾಡಿ ಮುಂದೆ ಹೋಗುವಾಗ ಚಕ್ರ ಉರುಳುವ ದಿಕ್ಕಿಗೇ ಇರಬೇಕು. ಉಲ್ಟಾ ಕೂತರೆ ಮಳೆಯಲ್ಲಿ ಹಿಡಿತ ಸಿಗುವುದಿಲ್ಲ.

"ಟೈರ್ ನೋಡೋಕೆ ಬರೋ ಗಿರಾಕಿ ಟೈರ್ ನೋಡ್ತಾನಮ್ಮ," ಎಂದರು ಅಪ್ಪ, ಪೇಪರಿನಿಂದ ತಲೆ ಎತ್ತದೆ.

"ನೀನು ಸುಮ್ನಿರಪ್ಪ!"

ಐದನೇ ಸಲ ಬಂದ ಆ ದಿನ ನಾಲ್ಕೂ ಟೈರು ಕೂರಿಸುವವರೆಗೆ ಅವನು ಪಕ್ಕದಲ್ಲೇ ನಿಂತಿದ್ದ. ನಾನು ತಲೆ ಎತ್ತಿದರೆ ಅವನ ಕಣ್ಣು ಛಾವಣಿಯ ಮೇಲೆ. ಬಗ್ಗಿದರೆ ನನ್ನ ಮೇಲೆ. ಬಂಪರಿನ ಹೊಳಪಿನಲ್ಲಿ ನನಗೆ ಎಲ್ಲವೂ ಕಾಣುತ್ತಿತ್ತು.

ಅಂಗಡಿಯ ಗೋಡೆಗೆ ಹಾಕಲು ಎಂದಿನಂತೆ ಗಾಡಿಯ ಫೋಟೋ ತೆಗೆದೆ. ಅವನು ಮುಂದಿನ ಚಕ್ರದ ಪಕ್ಕ ಒರಗಿ ನಿಂತ. ಆಮೇಲೆ "ಬರ್ತೀನಿ" ಅಂದ. ನಾನು "ಹ್ಞೂಂ" ಅಂದೆ. ಇಷ್ಟು ದಿನ ಕೂಡಿಟ್ಟ ಮಾತೆಲ್ಲ ಸೇರಿ ಒಂದು ಹ್ಞೂಂ! ನನ್ನ ಬಾಯಿಗಿಷ್ಟು.

ಅವನು ಹೋದ ಮೇಲೆ ಫೋಟೋ ತೆರೆದು ಅವನ ಮುಖ ದೊಡ್ಡದು ಮಾಡಿದೆ. ಹುಬ್ಬು, ಗಲ್ಲ, ಮಡಚಿದ ತೋಳು. ಬೆರಳು ಹಾಗೇ ಕೆಳಗೆ ಜಾರಿತು. ಅವನ ಕಾಲಿನ ಹತ್ತಿರ, ಟೈರಿನ ಮೇಲಂಚಿನಲ್ಲಿದ್ದ ಬಾಣ ಗಾಡಿಯ ಹಿಂಬದಿಗೆ ಮುಖ ಮಾಡಿತ್ತು.

ಉಲ್ಟಾ! ಹನ್ನೊಂದು ವರ್ಷದಲ್ಲಿ ಒಂದು ಟೈರನ್ನೂ ಉಲ್ಟಾ ಹಾಕಿದವಳಲ್ಲ ನಾನು. ಹೊರಗೆ ಮೋಡ ಕವಿದಿತ್ತು. ಫೋನ್ ಮಾಡಿದೆ. ಎತ್ತಲಿಲ್ಲ.

"ಅಪ್ಪಾ, ಸ್ಕೂಟರ್ ಕೀ ಕೊಡು!"

"ಎಲ್ಲಿ ಅಂತ ಹುಡುಕ್ತೀಯೇ?"

"ಬೆಟ್ಟಕ್ಕೆ ಇರೋದು ಒಂದೇ ದಾರಿ."

ಊರಾಚೆಯ ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಪಿಕಪ್ ನಿಂತಿತ್ತು. ಅವನು ಗಾಡಿಯ ಹಿಂದಿನ ಹಲಗೆಯ ಮೇಲೆ ಕೂತು ಕಾಲು ಆಡಿಸುತ್ತಿದ್ದ.

"ಫೋನ್ ಯಾಕ್ರೀ ಎತ್ತಲ್ಲ? ಮುಂದಿನ ಬಲಗಡೆ ಟೈರ್ ಉಲ್ಟಾ ಹಾಕಿಬಿಟ್ಟಿದ್ದೀನಿ!"

"ಫೋನ್ ಗಾಡಿ ಒಳಗಿದೆ. ಟೈರ್ ವಿಷಯ ಗೊತ್ತು."

"ಏನು?"

"ಅಂಗಡೀಲೇ ನೋಡ್ದೆ. ಆಗಲೇ ಹೇಳಿದ್ರೆ ಹತ್ತು ನಿಮಿಷದಲ್ಲಿ ಸರಿ ಮಾಡಿ ಕಳಿಸಿಬಿಡ್ತಿದ್ರಿ. ಇಲ್ಲಿಂದ ವಾಪಸ್ ಬಂದ್ರೆ ಇನ್ನೊಂದು ಸಲ ನಿಮ್ಮನ್ನ ನೋಡಬಹುದು ಅಂದ್ಕೊಂಡೆ. ಬರೋಕೆ ಧೈರ್ಯ ಸಾಲ್ದೆ ಅರ್ಧ ಗಂಟೆಯಿಂದ ಇಲ್ಲೇ ಕೂತಿದ್ದೀನಿ."

"ತಲೆ ನೆಟ್ಟಗಿದೆಯಾ ನಿಮಗೆ? ಮಳೆ ಬಂದಿದ್ರೆ ಏನ್ರೀ ಗತಿ?" ಕೂಗಾಡುತ್ತಲೇ ಕಣ್ಣು ತುಂಬಿ ಬಂತು. ಹಾಳಾದ್ದು, ಬರಬಾರದ ಹೊತ್ತಲ್ಲೇ ಬರುತ್ತದೆ.

ಅವನು ಮೆಲ್ಲಗೆ ಕೇಳಿದ, "ನಿಮ್ಮ ಕೈ ಯಾವತ್ತೂ ತಪ್ಪಿಲ್ಲ ಅಂತ ನಿಮ್ಮಪ್ಪ ಹೇಳ್ತಿದ್ರು. ಇವತ್ತು ಹೇಗೆ ತಪ್ಪಿತು?"

"ನಿಮ್ಮನ್ನ ನೋಡ್ತಿದ್ದೆ. ಬಂಪರಲ್ಲಿ. ಟೈರ್ ಹಾಕಿದ್ರೆ ನೀವು ಹೊರಟುಹೋಗ್ತೀರಿ. ನೀವು ಹೋಗೋದು ನಂಗೆ ಇಷ್ಟ ಇಲ್ಲ. ಸಾಕಾ?"

ಈ ಸಲ ಅವನು ನಗಲಿಲ್ಲ. ಹಲಗೆಯಿಂದ ಇಳಿದು ನನ್ನೆದುರು ನಿಂತು, ಗ್ರೀಸ್ ಹತ್ತಿದ ನನ್ನ ಕೈ ಹಿಡಿದುಕೊಂಡ. "ನಂಗೂ ಇಷ್ಟ ಇಲ್ಲ," ಅಂದ.

ನನ್ನ ಸ್ಕೂಟರ್ ಮುಂದೆ, ಅವನ ಗಾಡಿ ಹಿಂದೆ, ನಿಧಾನವಾಗಿ ಅಂಗಡಿಗೆ ಬಂದೆವು. ಟೈರ್ ಬಿಚ್ಚಿ, ತಿರುಗಿಸಿ, ಬಾಣವನ್ನು ಎರಡೆರಡು ಸಲ ಮುಟ್ಟಿ ನೋಡಿ ಕೂರಿಸಿದೆ.

"ಐದು ಸಾವಿರ ಕಿಲೋಮೀಟರಿಗೆ ಮುಂದಿನ ಟೈರ್ ಹಿಂದೆ, ಹಿಂದಿನದು ಮುಂದೆ ಹಾಕಿಸ್ಬೇಕು. ಬೇರೆ ಅಂಗಡಿಗೆ ಹೋಗಿ ನೋಡೋಣ, ಇದೆ ನಿಮಗೆ."

ಅವನು ಬೆರಳು ಮಡಚಿದ. "ಬಂದು ಹೋಗೋಕೆ ನಾನೂರು ಕಿಲೋಮೀಟರ್. ಭಾನುವಾರ ಭಾನುವಾರ ಬಂದ್ರೆ ಮೂರು ತಿಂಗಳಿಗೇ ಐದು ಸಾವಿರ."

"ಭಾನುವಾರ ಅಂಗಡಿ ರಜಾ," ಎಂದರು ಅಪ್ಪ, ಪೇಪರಿನ ಹಿಂದಿನಿಂದ.

"ಅದಕ್ಕೇ ಅಪ್ಪ," ಅಂದೆ ನಾನು.