ನಂಬರ್ ಆರರ ನೀರು

"ಕೈ ತೆಗೀರಿ ಅಲ್ಲಿಂದ."

ಅಭಿಜ್ಞಾ ಹೇಳಿದ್ದು ಮೆಲ್ಲಗೇ. ಆದರೆ ಆ ದನಿಗೆ ಶಿರಸಿಯ ಅರ್ಧ ಊರಿನ ಕಾಗೆಗಳು ಹಾರಿಹೋದವು ಅಂದರೆ ನಂಬಬೇಕು.

ಟೆರೇಸಿನ ಮೇಲೆ ದೋಸೆ ಹುಯ್ಯುವಷ್ಟು ಬಿಸಿಲು. ಅಂದು ಶಾಲೆಯಿಂದ ಬೇಗ ಬಂದವಳು ನೇರ ಮೇಲಕ್ಕೇ ಹತ್ತಿದ್ದಳು. ನೀರಿನ ಟ್ಯಾಂಕಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದವನು ತಿರುಗಿದ. ಕೈ ಇನ್ನೂ ವಾಲ್ವಿನ ಮೇಲೇ ಇತ್ತು.

ಪವನ್! ಅವಳ ಕೆಳಗಿನ ಮನೆಯವನು.

ಬೇರೆ ಯಾರಾಗಿದ್ದರೂ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ...

"ಮೇಡಮ್ಮಾರೆ, ಸ್ವಲ್ಪ ಕೇಳ್ರಿ. ಇದು..."

"ಎಂತ ಕೇಳೂದು? ಸೆಕ್ರೆಟರಿ ಬಿಟ್ಟು ಯಾರೂ ವಾಲ್ವ್ ಮುಟ್ಟಬಾರ್ದು ಅಂತ ಕೆಳಗೆ ಇಷ್ಟುದ್ದ ಬರೆದು ಹಚ್ಚಿದ್ದೆ. ಓದ್ಲಿಕ್ಕೆ ಬರೂದಿಲ್ವಾ?"

ಪವನ್ ಬಾಯಿ ತೆರೆದ. ಅವಳ ಕಣ್ಣಲ್ಲಿ ನೀರು ತುಂಬಿದ್ದು ಕಂಡು ಮುಚ್ಚಿದ. ಎದ್ದು ಮೆಟ್ಟಿಲಿಳಿದುಹೋದ.

'ಶ್ರೀಗಂಧ' ಅಪಾರ್ಟ್‌ಮೆಂಟ್ ಮರಾಠಿಕೊಪ್ಪದ ಒಳಗಲ್ಲಿಯಲ್ಲಿತ್ತು. ಮೂವತ್ತು ವರ್ಷ ಹಳೆಯ ಮೂರು ಮಹಡಿ, ಎಂಟು ಮನೆ, ಒಂದು ಬಾವಿ. ಗಲ್ಲಿ ಎಷ್ಟು ಶಾಂತವೆಂದರೆ ಮೂರನೇ ಮಹಡಿಯಲ್ಲಿ ಸಾಸಿವೆ ಸಿಡಿದರೆ ಗೇಟಿನಲ್ಲಿದ್ದವರು ಸೀನುತ್ತಿದ್ದರು. ಆ ಏಪ್ರಿಲಿನಲ್ಲಿ ಬಾವಿ ತಳ ಹಿಡಿದಿತ್ತು. ಹನ್ನೊಂದು ಗಂಟೆಗೆ ಮೋಟಾರು ಹಾಕಿ ಟ್ಯಾಂಕು ತುಂಬಿಸಿದರೆ ಮೂರು ಗಂಟೆಗೆ ಟ್ಯಾಂಕು ಖಾಲಿ. ಯಾರೋ ನೀರು ಕದಿಯುತ್ತಿದ್ದರು.

ಚೀಟಿ ಎತ್ತಿ ಆ ವರ್ಷ ಸೆಕ್ರೆಟರಿ ಮಾಡಿದ್ದು ಆರನೇ ನಂಬರಿನ ಅಭಿಜ್ಞಾಳನ್ನು. ಯಲ್ಲಾಪುರ ಕಡೆಯ ಹುಡುಗಿ. ಸಿದ್ದಾಪುರದ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಅವಳು ಬೋರ್ಡಿನತ್ತ ತಿರುಗಿ ನಿಂತಾಗಲೂ ಹಿಂದಿನ ಬೆಂಚಿನವರು ಉಸಿರು ಬಿಗಿಹಿಡಿಯುತ್ತಿದ್ದರು. ಕಳ್ಳ ಸಿಕ್ಕರೆ ಅವನ ಮನೆಯ ನೀರು ಎಂಟು ದಿನ ಬಂದ್ ಎಂಬ ಕಾನೂನೂ ಅವಳದೇ.

ಪವನ್ ಬನವಾಸಿಯವನು. ಅನಾನಸು ವ್ಯಾಪಾರಿ. ನಸುಕಿನಲ್ಲೇ ಲೋಡು ಕಳಿಸಿ ಏಳೂವರೆಗೆ ತಿಂಡಿಗೆ ಬರುತ್ತಿದ್ದ. ಅದೇ ಹೊತ್ತಿಗೆ ಅವಳು ಬಸ್ಸಿಗೆ ಹೊರಡುತ್ತಿದ್ದಳು. ಅವನು ತುಕ್ಕು ಹಿಡಿದ ಗೇಟನ್ನು ಎತ್ತಿ ಹಿಡಿಯುತ್ತಿದ್ದ, ಅವಳು ದಾಟುತ್ತಿದ್ದಳು. ಅಷ್ಟೇ, ಅರ್ಧ ನಿಮಿಷ. ಮೂರು ತಿಂಗಳಿಂದ ಅವಳ ಇಡೀ ದಿನ ಆ ಅರ್ಧ ನಿಮಿಷದ ಮೇಲೇ ನಿಂತಿತ್ತು.

ಆ ಸಂಜೆಯೇ ನೋಟಿಸು ಅಂಟಿಸಿದಳು: 'ಮನೆ ನಂಬರ್ ಮೂರರವರು ವಾಲ್ವ್ ತಿರುಗಿಸುತ್ತಿದ್ದಾಗ ಸಿಕ್ಕಿದ್ದಾರೆ. ಭಾನುವಾರ ಮೀಟಿಂಗ್.' ಬರೆಯುವಾಗ ಮೂರು ಹಾಳೆ ಹರಿದು ಎಸೆದಳು.

ಟೆರೇಸಿಗೆ ಬೀಗ ಬಿತ್ತು. ಆದರೂ ನೀರು ಖಾಲಿ! ಅದೂ ಮೂರರ ಬದಲು ಎರಡಕ್ಕೇ.

"ಡುಪ್ಲಿಕೇಟ್ ಕೀ ಮಾಡ್ಸಿದಾನೆ ನೋಡಿ," ಎದುರುಮನೆಯ ಮಮತಕ್ಕ ಅಂದಳು. "ಹಣ್ಣಿನವ್ರಿಗೆ ಕೀ ಮಾಡೂವ್ರು ಎಲ್ಲ ಪರಿಚಯ."

ಪವನ್ ಏಳೂವರೆಗೆ ಗೇಟಿಗೆ ಬರುವುದನ್ನೇ ಬಿಟ್ಟ. ಅವನ ಮನೆಯ ಮಾಲೀಕರು ಹುಬ್ಬಳ್ಳಿಯಿಂದ ಫೋನಿನಲ್ಲಿ, ಅಪಾರ್ಟ್‌ಮೆಂಟಿನ ಸಂಘದವರು ನೀನು ಬೇಡ ಅಂದರೆ ಖಾಲಿ ಮಾಡು ಅಂದರಂತೆ. ಗೇಟು ಈಗ ಅಭಿಜ್ಞಾಳೇ ಎತ್ತಬೇಕಿತ್ತು. ಅದರ ಭಾರ ಅವಳಿಗೆ ತಿಳಿದದ್ದೇ ಆಗ.

ಕೈಯಾರೆ ಹಿಡಿಯಬೇಕೆಂದು ಶುಕ್ರವಾರ ರಜೆ ಹಾಕಿ ಮನೆಯಲ್ಲೇ ಅಡಗಿದಳು. ಮೋಟಾರು ನಿಂತಿತು. ಕೆಳಗಿನ ಮನೆಯಲ್ಲಿ ಸದ್ದಿಲ್ಲ. ಮತ್ತೆ ಎಲ್ಲೋ... ಜುಳುಜುಳು...

ಸದ್ದು ಅವಳದೇ ಅಡುಗೆಮನೆಯ ಹಿಂದೆ!

ಪಾತ್ರೆ ತೊಳೆಯುವ ಕಟ್ಟೆಯ ಪಕ್ಕದಲ್ಲಿ ಅವಳ ನೀಲಿ ಡ್ರಮ್ಮು. ತುಂಬಿದೊಡನೆ ನೀರು ತಾನೇ ನಿಲ್ಲಲಿ ಎಂದು ಅದಕ್ಕೊಂದು ತೇಲುವ ಬಾಲ್ ಕೂಡಿಸಿದ್ದಳು. ದಿನಾ ಬೆಳಿಗ್ಗೆ ನಲ್ಲಿ ತೆರೆದಿಟ್ಟೇ ಬಸ್ಸಿಗೆ ಓಡುತ್ತಿದ್ದಳು; ಸಂಜೆ ಬಂದರೆ ಡ್ರಮ್ಮು ತುಂಬಿರುತ್ತಿತ್ತು. ಇಂದೂ ರೂಢಿಯಂತೆ ತೆರೆದಿಟ್ಟಿದ್ದಳು. ಈಗ ನೋಡಿದರೆ ಬಾಲು ಒಡೆದು ನೀರು ಕುಡಿದು ಕೂತಿದೆ. ಡ್ರಮ್ಮಿನ ಅಂಚಿನಿಂದ ಉಕ್ಕಿದ್ದೆಲ್ಲ ಗಟಾರದ ಪೈಪಿಗೆ ಧುಮುಕುತ್ತಿದೆ, ಉಂಚಳ್ಳಿ ಜಲಪಾತವೇ ಮನೆಗೆ ಬಂದ ಹಾಗೆ.

ನಲ್ಲಿ ತಿರುಗಿಸಿ ಟೆರೇಸಿಗೆ ಓಡಿದಳು. ಪವನ್ ಅಂದು ಹಿಡಿದಿದ್ದ ವಾಲ್ವಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಅಂಕಿ... ಆರು.

ಅವನು ನೀರು ಬಿಟ್ಟುಕೊಳ್ಳುತ್ತಿರಲಿಲ್ಲ. ಅವಳ ಮನೆಯ ನೀರು ನಿಲ್ಲಿಸುತ್ತಿದ್ದ!

'ಅಯ್ಯೋ... ಆನೇ ಕಳ್ಳಿ.' ಕಳ್ಳಿ ತಾನೇ ಎಂದು ತಿಳಿದಾಗ ಅವಳಿಗೆ ಮನೆಮಾತೇ ಬಂದಿತ್ತು.

ಭಾನುವಾರ ಹತ್ತು ಗಂಟೆ. ಎಂಟೂ ಮನೆಯವರು ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಿ ಕೂತಿದ್ದರು. ಪವನ್‌ನ ಹಾಸಿಗೆ, ಸ್ಟೂಲು, ಗ್ಯಾಸ್ ಒಲೆ ಆಗಲೇ ಅವನ ಅನಾನಸಿನ ಗಾಡಿ ಏರಿದ್ದವು.

ಅಧ್ಯಕ್ಷ ಪರಮೇಶ್ವರಪ್ಪ ಗಂಟಲು ಸರಿಮಾಡಿಕೊಂಡರು. "ಸೆಕ್ರೆಟರಿಯವ್ರ, ನೀವು ಕಂಡದ್ದು ಹೇಳಿಬಿಡ್ರಿ. ಮುಗಿಸೋಣ."

ಅಭಿಜ್ಞಾ ಎದ್ದಳು. ಹೊಸ ಬಾಲು ಕೂಡಿಸಿಯಾಗಿದೆ. ಸುಮ್ಮನಿದ್ದರೆ ಜಗತ್ತಿನಲ್ಲಿ ಯಾರಿಗೂ ತಿಳಿಯದು... ಅವನೊಬ್ಬನ ಹೊರತು.

ಗಾಡಿಯ ಪಕ್ಕದಿಂದ ಪವನ್ ಅವಳನ್ನೇ ನೋಡುತ್ತಿದ್ದ. ಬೇಡ ಎನ್ನುವಂತೆ ಮೆಲ್ಲಗೆ ತಲೆಯಾಡಿಸಿದ.

ಅದನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ನೀರು ಖಾಲಿ ಮಾಡಿದ್ದು ನಾನು," ಅಂದಳು. "ನನ್ನ ಡ್ರಮ್ಮಿನ ಬಾಲ್ ಒಡೆದಿತ್ತು. ದಿನಾ ನಲ್ಲಿ ಬಿಟ್ಟು ಹೋಗ್ತಿದ್ದೆ. ಅವ್ರು ಮುಚ್ಚಿದ್ದು ನನ್ನ ವಾಲ್ವು. ಅವ್ರಿಂದಲೇ ನಿಮಗೆಲ್ಲ ಅಷ್ಟಾದ್ರೂ ನೀರು ಸಿಕ್ಕಿದ್ದು."

ಗಲ್ಲಿಯ ನಾಯಿ ಕೂಡ ಕೆರೆದುಕೊಳ್ಳುವುದನ್ನು ನಿಲ್ಲಿಸಿತು.

"ಹಂಗಾರೆ ನಮ್ಮನೆ ಪಾತ್ರೆ ಒಣಗಿದ್ದು ನಿಮ್ಮಿಂದ?" ಮಮತಕ್ಕ ಕೇಳಿದಳು.

"ಹೌದು ಮಮತಕ್ಕ."

"ಆತ್ ಬಿಡ್ರಿ, ತಿಳೀದ ಆಗೈತಿ," ಎಂದರು ಪರಮೇಶ್ವರಪ್ಪ.

"ಇಲ್ಲ. ಕಾನೂನು ಬರ್ದದ್ದು ನಾನೇ. ಎಂಟು ದಿನ ನನ್ನ ನೀರು ಬಂದ್."

ಅವಳೇ ಮೇಲೆ ಹೋಗಿ ಆರನೇ ವಾಲ್ವು ಮುಚ್ಚಿ ಬಂದು ಟೆರೇಸಿನ ಕೀಲಿಯನ್ನು ಅಧ್ಯಕ್ಷರ ಕೈಗಿಟ್ಟಳು. ಆಮೇಲೆ ಗಾಡಿಯ ಹತ್ತಿರ ಬಂದಳು.

"ಎಂತಕ್ಕೆ ಹೇಳ್ಲಿಲ್ಲ ನೀವು?"

"ನಿಮ್ಮ ಗಟಾರದ ಪೈಪು ನನ್ನ ಕಿಟಕಿ ಮುಂದ ಇಳೀತೈತಿ. ಸಪ್ಪಳ ಕೇಳಿದ ದಿನ ಹೋಗಿ ಬಂದ್ ಮಾಡ್ತಿದ್ದೆ, ನೀವು ಬರೋ ಮೊದಲ ಬಿಡ್ತಿದ್ದೆ. ಮೊದಲ ಹೇಳಿದ್ರ ನಿಮ್ಮ ಕಾನೂನು ನಿಮಗ ಬಡೀತಿತ್ತು; ಆ ದಿನ ಹೇಳಾಕ ಹೋದ್ರ ನೀವು ಅತ್ತುಬಿಟ್ರಿ." ಹಗ್ಗ ಬಿಗಿಯುತ್ತಿದ್ದ ಅವನ ಕೈ ನಿಂತಿತು. "ಆಮ್ಯಾಲೆ ನೋಟಿಸ್ ಹಚ್ಚಿದ್ರಿ. ಅಷ್ಟಾದ ಮ್ಯಾಲೆ ಹೇಳಿದ್ರ, ಎಲ್ಲಾರ ಮುಂದ ನಿಮ್ಮ ತಲಿ ತಗ್ಗತಿತ್ತು. ನನಗೇನ್ರಿ, ಗಾಡಿ ಐತಿ. ಎಲ್ಲೆರ ಇರ್ತೀನಿ."

"ತಪ್ಪಾಯ್ತು... ಹೋಗ್ಬೇಡಿ."

ಅವನು ಬಿಗಿದ ಗಂಟನ್ನು ಬಿಚ್ಚತೊಡಗಿದ.

ಮರುದಿನ ಬೆಳಿಗ್ಗೆ ಅವಳ ಬಾಗಿಲಲ್ಲಿ ಎರಡು ಕೊಡ ನೀರು ತುಂಬಿ ನಿಂತಿದ್ದವು. ಎಂಟು ದಿನವೂ ನಿಂತವು. ಮೆಟ್ಟಿಲ ಮೇಲೆ ಒಂದು ಹನಿ ಚೆಲ್ಲಿರಲಿಲ್ಲ. ಇದಕ್ಕೆ ಮಮತಕ್ಕನೇ ಸಾಕ್ಷಿ, ಅವಳು ದಿನಾ ಬಾಗಿಲ ಸಂದಿನಿಂದ ನೋಡುತ್ತಿದ್ದಳು.

ಒಂಬತ್ತನೆಯ ದಿನ ನಲ್ಲಿಯಲ್ಲಿ ನೀರು ಬಂತು. ಬೆಲ್ಲೂ ಆಯಿತು.

ಪವನ್ ಬರಿಗೈಯಲ್ಲಿ ನಿಂತಿದ್ದ. ಆ ಕೈಗಳನ್ನು ಎಲ್ಲಿಡಬೇಕೆಂದೇ ಅವನಿಗೆ ತಿಳಿಯುತ್ತಿರಲಿಲ್ಲ.

"ನೀರು ಬಂತಲ್ಲ," ಅಂದಳು.

"ಗೊತ್ತೈತ್ರಿ. ರೂಢಿಯಾಗೇತಿ, ಕಾಲು ತಾವ ಹತ್ತಿ ಬಂದ್ವು."

"ಕಾಲು ಮಾತ್ರನಾ?"

ಅವನು ನೆಲ ನೋಡಿಕೊಂಡೇ ಅಂದ: "ಮನಸ್ಸು ಮೂರು ತಿಂಗಳ ಹಿಂದ ಹತ್ತಿ ಬಂದೈತ್ರಿ. ಇಳಿ ಅಂದ್ರ ಇಳಿಯವಲ್ದು."

"ಇಳಿಸೂದು ಬೇಡ..." ಅವಳ ದನಿ ಅವಳಿಗೇ ಕೇಳಿಸಲಿಲ್ಲ. "ಆದ್ರೆ ನಮ್ಮ ಅಪ್ಪ ಒಂದೇ ಸಲಕ್ಕೆ ಒಪ್ಪೂವ್ರಲ್ಲ."

"ಹತ್ತು ಸಲ ಬರ್ತೀನಿ. ಈಗ ನೀವು ಒಪ್ಪಿದ್ರೇನು, ಮೇಡಮ್ಮಾರೆ?"

"ಮೇಡಂ ಅಂದ್ರೆ ಒಪ್ಪೂದಿಲ್ಲ. ಹೆಸ್ರು ಹೇಳಿ."

ಅನಾನಸಿನ ಮುಳ್ಳಿಗೆ ಹೆದರದವನ ಹಣೆಯಲ್ಲಿ ಬೆವರೊಡೆಯಿತು.

"ಅಭಿ... ಅವ್ರೆ."

"ಇವತ್ತಿಗೆ ಇಷ್ಟು ಸಾಕು," ಎಂದು ಅವಳು ಬಾಗಿಲನ್ನು ಪೂರ್ತಿ ತೆರೆದಳು.