ನೆಟ್‌ವರ್ಕ್ ನುಂಗಿದ ಒಂದಕ್ಷರ

"ಗೌರೀಶ ಅಂದ್ರ ನೀವೇನ್ರಿ?"

ಅಣ್ಣಿಗೇರಿ ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಬಗ್ಗಿ ಕುಳಿತಿದ್ದ ಗೌರೀಶ ತಲೆ ಎತ್ತಿದ. ಬಾಗಿಲಲ್ಲಿ ಒಬ್ಬ ಹುಡುಗಿ. ಎದೆಗವಚಿಕೊಂಡ ಲ್ಯಾಪ್‌ಟಾಪ್ ಬ್ಯಾಗು, ಅತ್ತು ಅತ್ತು ಕೆಂಪಾದ ಕಣ್ಣು.

ಮುಖ ಹೊಸದು. ಆದರೆ ಆ ದನಿ... ನಿದ್ದೆಗಣ್ಣಿನಲ್ಲೂ ಅವನು ಅದನ್ನು ಗುರುತು ಹಿಡಿಯುತ್ತಿದ್ದ!

"ಶಲವಡಿ ನೇತ್ರಾ ಅವರೇನ್ರಿ? ಬರ್ರಿ, ಒಳಗ ಬಂದು ಕೂಡ್ರಿ..."

"ಕೂಡಾಕ ಬಂದಿಲ್ಲ ನಾ!" ನೇತ್ರಾ ಪೆನ್‌ಡ್ರೈವನ್ನು ಕೌಂಟರಿನ ಮೇಲೆ ಕುಕ್ಕಿದಳು. "ಸತ್ತ ನಮ್ಮಕ್ಕನ್ನ ಇನ್ನೊಮ್ಮೆ ಸಾಯಿಸಿದ್ರಿ ನೀವು!"

ಗೌರೀಶನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ಬಿತ್ತು.

ಒಂದು ವರ್ಷದಿಂದ ಬರೀ ಫೋನಿನಲ್ಲೇ ಪರಿಚಯವಾಗಿದ್ದವರು ಇವರು. ಮೊದಲ ಸಲ ಎದುರಾಗಿದ್ದು ಹೀಗೆ, ನೋಡಿ!

ಆ ಲ್ಯಾಪ್‌ಟಾಪ್ ನೇತ್ರಾಳ ಅಕ್ಕ ಮಹಾನಂದಾಳದ್ದು. ಅವಳು ಜ್ವರದಿಂದ ತೀರಿಕೊಂಡ ಮೇಲೆ ಮಗಳು ದಾನಿ, ಈ ಲ್ಯಾಪ್‌ಟಾಪ್, ಅವಳ ವಿಡಿಯೋಗಳಿದ್ದ ಪೆನ್‌ಡ್ರೈವ್, ಮೂರೂ ಶಲವಡಿಯ ತವರಿಗೆ ಬಂದಿದ್ದವು. ಸಂಜೆಯಾದರೆ ಸಾಕು, ಪುಟ್ಟ ದಾನಿ ಬಂದು ನೇತ್ರಾಳ ಸೆರಗು ಜಗ್ಗುತ್ತಿದ್ದಳು. "ಚಿಗವ್ವಾ, ಅವ್ವನ್ನ ಹಚ್ಚು." ಪರದೆಯ ಮೇಲೆ ಅವ್ವನನ್ನು ಹಚ್ಚಿದರೇನೇ ತುತ್ತು ಒಳಗೆ ಹೋಗುತ್ತಿತ್ತು.

ಲ್ಯಾಪ್‌ಟಾಪೋ ಹಳೆಯದು. ದಿನಕ್ಕೊಂದು ರಗಳೆ. ಯಾರೋ ಗೌರೀಶನ ನಂಬರ್ ಕೊಟ್ಟರು.

"ಇಂಗ್ಲಿಷ್ ಅಕ್ಷರ ಎಲ್ಲಾ ದೊಡ್ಡವ ಬರಾಕತ್ತಾವ್ರಿ."

"ಎಡಕ್ಕ ಕ್ಯಾಪ್ಸ್ ಲಾಕ್ ಅಂತ ಐತ್ರಿ. ಒಮ್ಮೆ ಒತ್ತ್ರಿ."

"ಮೌಸ್ ಸತ್ತೈತ್ರಿ..."

"ಸತ್ತಿಲ್ರಿ, ವೈರ್ ಕಿತ್ತಿರತೈತಿ. ಗಟ್ಟಿ ಹಾಕ್ರಿ."

ಮೌಸ್ ಸರಿಯಾದ ಮೇಲೂ ಇಬ್ಬರೂ ಫೋನ್ ಇಡುತ್ತಿರಲಿಲ್ಲ. ಊಟ ಆತೇನ್ರಿ, ಇವತ್ತು ಏನ್ ಪಲ್ಯ... ಮಾತು ಎಲ್ಲಿಂದೆಲ್ಲಿಗೋ ಹೋಗುತ್ತಿತ್ತು. ಆ ದನಿ ಕೇಳದ ದಿನ ನೇತ್ರಾಳಿಗೆ ಏನೋ ಕಳೆದುಕೊಂಡ ಹಾಗೆ!

ಈ ದಿನ ಬೆಳಿಗ್ಗೆ ದಾನಿಯ ಹೊಸ ಫೋಟೋಗಳನ್ನು ಪೆನ್‌ಡ್ರೈವಿಗೆ ಹಾಕಲು ಹೋದರೆ ಜಾಗ ಇಲ್ಲ ಎಂದು ಬಂತು. ಫೋನ್ ಮಾಡಿದಳು. ಅವನು ಹೇಳಿದ. ಅವಳು ಒತ್ತಿದಳು. ಅಕ್ಕ ಹೋಗಿಬಿಟ್ಟಳು...

"ಅಕ್ಕನ ಫೋಲ್ಡರ್ ಅಳಸ್ರಿ ಅಂದ್ರಿ, ಅಳಸಿದೆ!"

ಗೌರೀಶನ ಮುಖ ಬಿಳುಚಿತು. "ಇಲ್ರೀ! ಉಳಸ್ರಿ ಅಂದೆ! ಅದೊಂದು ಉಳಸ್ರಿ ಅಂತ! ಬಾಕಿದ್ದು ತಗೀರಿ ಅನ್ನೂದ್ರಾಗ ಲೈನ್ ಕಟ್ ಆತು..."

"ಸುಳ್ಳು ಹೇಳಬ್ಯಾಡ್ರಿ!"

ಅವನ ಮೊಬೈಲಿನಲ್ಲಿ ಪ್ರತಿ ಕರೆಯೂ ರೆಕಾರ್ಡ್ ಆಗುತ್ತಿತ್ತು. ಬೆಳಗಿನ ಕರೆಯನ್ನು ಹಚ್ಚಿದ. ಗರಗರ ಸದ್ದು... "ಅಕ್ಕನ ಫೋಲ್ಡರ್ ಒಂದು ...ಳಸ್ರಿ." ಮತ್ತೊಮ್ಮೆ ಹಚ್ಚಿದ. "...ಳಸ್ರಿ." ಅದು ಅ ಇತ್ತೋ, ಉ ಇತ್ತೋ? ಆ ಒಂದಕ್ಷರವನ್ನು ನೆಟ್‌ವರ್ಕ್ ನುಂಗಿ ಹಾಕಿತ್ತು!

"ಅಲ್ರಿ ನೇತ್ರಾ ಅವ್ರ, ತಾಯಿ ವಿಡಿಯೋ ಅಳಸ್ರಿ ಅಂತ ಯಾರರ ಹೇಳ್ತಾರೇನ್ರಿ? ನೀವರ ಹೆಂಗ ಒತ್ತಿದ್ರಿ?"

"ನೀವ್ ಹೇಳಿದ್ರಿ ಅಂತ!" ಅವಳು ಲ್ಯಾಪ್‌ಟಾಪ್ ಬ್ಯಾಗು ತೋರಿಸಿದಳು. "ವಿಡಿಯೋ ಲ್ಯಾಪ್‌ಟಾಪ್‌ನ್ಯಾಗ ಕಾಣತಿದ್ವಲ್ಲ, ಅದರಾಗೂ ಇರ್ತಾವ ಅಂತ ತಿಳದಿದ್ದೆ. ಬ್ಯಾರೆ ಯಾರ ಹೇಳಿದ್ರೂ ಒತ್ತತಿದ್ದಿಲ್ಲ ನಾ... ನಿಮ್ಮನ್ನ ಕಣ್ಣು ಮುಚ್ಚಿ ನಂಬಿದ್ದೆ!"

ಗೌರೀಶ ಪೆನ್‌ಡ್ರೈವ್ ಎತ್ತಿಕೊಂಡ.

"ಪೆನ್‌ಡ್ರೈವಿಂದ ಅಳಸಿದ್ದು ರಿಸೈಕಲ್ ಬಿನ್‌ನ್ಯಾಗ ಸಿಗಂಗಿಲ್ರಿ. ಆದ್ರ ಅಳಸಿದ ಕೂಡ್ಲೆ ಪೂರಾ ಹೋಗಂಗೂ ಇಲ್ಲ. ಹೊಸದೇನರ ಬಂದು ಅದರ ಮ್ಯಾಲ ಕೂಡೂತನಕ ಒಳಗ ಇರತೈತಿ. ಆಮ್ಯಾಲ ಇದರಾಗ ಏನರ ಹಾಕೀರೇನು?"



"ದಾನಿ ಫೋಟೋ..."

ಅವನು ಪೆನ್‌ಡ್ರೈವನ್ನು ಅಂಗಡಿಯ ಕಂಪ್ಯೂಟರಿಗೆ ಸಿಕ್ಕಿಸಿದ. ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರ್ ಶುರು ಮಾಡಿದ. ಪರದೆಯ ಮೇಲೆ ಹಸಿರು ಪಟ್ಟಿ ತೆವಳತೊಡಗಿತು. ಇನ್ನೇನು ಸಂಜೆಯಾಗುತ್ತದೆ, ದಾನಿ ಕೇಳುತ್ತಾಳೆ... ಅಕ್ಕಾ, ಬಾರವ್ವಾ, ನಿನ್ನ ಕಾಲಿಗೆ ಬೀಳ್ತೀನಿ! ನೇತ್ರಾ ಮನಸ್ಸಿನಲ್ಲೇ ಗೋಗರೆದಳು.

"ತಪ್ಪು ನೆಟ್‌ವರ್ಕಿಂದಲ್ರಿ," ಪರದೆಯಿಂದ ಕಣ್ಣು ತೆಗೆಯದೆ ಗೌರೀಶ ಅಂದ. "ನಂದು."

"ಅಂದ್ರ?"

"ಆ ಲ್ಯಾಪ್‌ಟಾಪಿನ ಡಿಸ್ಕ್ ಮುಪ್ಪಾಗೈತಿ ಅಂತ ಮೊದಲನೇ ಫೋನಿಗೇ ಗೊತ್ತಾಗಿತ್ತು. ಅಂಗಡಿಗೆ ತರ್ರಿ ಅಂದಿದ್ರ ಹೊಸಾದು ಹಾಕಿ, ವಿಡಿಯೋ ಎಲ್ಲಾ ಎರಡೆರಡು ಕಡೆ ಇಟ್ಟು ಕೊಡತಿದ್ದೆ. ಅನ್ಲಿಲ್ಲ." ಅವನು ಮೌಸನ್ನು ಪಕ್ಕಕ್ಕೆ ಸರಿಸಿದ. "ರಿಪೇರಿ ಆತಂದ್ರ ನಿಮ್ಮ ಫೋನು ಬರೂದು ನಿಲ್ಲತಿತ್ತು..."

ನೇತ್ರಾ ದಂಗಾಗಿ ನೋಡಿದಳು. ಇದೇ ಮಾತಿಗಾಗಿ ಎಷ್ಟು ದಿನ ಕಾದಿದ್ದಳು! ಬಂದಿದ್ದು ಎಂಥ ಹೊತ್ತಿನಲ್ಲಿ!

ಅಷ್ಟರಲ್ಲಿ ಹಸಿರು ಪಟ್ಟಿ ತುಂಬಿತು. ಒಂದೊಂದಾಗಿ ಫೈಲುಗಳ ಹೆಸರು ಮೂಡತೊಡಗಿದವು.

ಅಕ್ಕ! ರೊಟ್ಟಿ ಬಡಿಯುತ್ತ ನಗುವ ಅಕ್ಕ, ದಾನಿಗೆ ಜಡೆ ಹಾಕುವ ಅಕ್ಕ... ನೇತ್ರಾ ಬಾಯಿಗೆ ಸೆರಗು ಒತ್ತಿಕೊಂಡಳು.

"ಸೆರಗಿಲೆ ಮುಖ ಮುಚ್ಚಿ ಆಟ ಆಡಸೂದು ಒಂದೈತ್ರಿ. ದಾನಿ ಅದನ್ನ ಕೇಳೂದು. ಅದನ್ನ ಹಚ್ಚ್ರಿ."

ಅದು ತೆರೆಯಲಿಲ್ಲ. ಗೌರೀಶ ಮತ್ತೆ ಮತ್ತೆ ಪ್ರಯತ್ನಿಸಿದ. ಬೇರೆ ಸಾಫ್ಟ್‌ವೇರ್ ಹಾಕಿ ನೋಡಿದ. ಕೊನೆಗೆ ಕೈ ಇಳಿಬಿಟ್ಟ.

"ಹೋತ್ರಿ... ದಾನಿ ಫೋಟೋ ಅದರ ಮ್ಯಾಲ ಕುಂತಾವ."

ನೇತ್ರಾ ಸ್ಟೂಲಿನ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಸಮಾಧಾನ ಮಾಡಲು ಹೋದ ಅವನ ಕೈ ಅರ್ಧದಲ್ಲೇ ನಿಂತಿತು. ತನಗೆಲ್ಲಿದೆ ಆ ಹಕ್ಕು?

"ಬೈರಿ ನನ್ನ," ಅಂದ. "ಎಷ್ಟ್ ಬೇಕಾದ್ರೂ ಬೈರಿ."

"ಯಾವ ಬಾಯಿಲೆ ಬೈಲಿ?" ಅವಳು ಕಣ್ಣೊರೆಸಿಕೊಂಡಳು. "ಹೋದ ತಿಂಗಳು ಆ ಮೌಸಿನ ವೈರ್ ಕಿತ್ತಾಕಿ ನಾನ. ನಿಮ್ಮ ದನಿ ಕೇಳಬೇಕನಿಸಿತ್ತು."

ಗೌರೀಶ ಮಿಕಮಿಕ ನೋಡಿದ. ನಗುವ ಹೊತ್ತಲ್ಲ ಅದು. ಆದರೂ ಇಬ್ಬರ ತುಟಿಯೂ ಅದುರಿತು, ಕಣ್ಣುಗಳು ಮಾತ್ರ ತುಂಬಿಯೇ ಇದ್ದವು.

ಉಳಿದ ವಿಡಿಯೋಗಳನ್ನೆಲ್ಲ ಅವನು ಲ್ಯಾಪ್‌ಟಾಪಿಗೆ ಹೊಸ ಡಿಸ್ಕ್ ಕೂಡಿಸಿ ಅದಕ್ಕೆ ಹಾಕಿದ. ಅವಳ ಮೊಬೈಲಿಗೂ ಹಾಕಿದ. ಹೊರಗೆ ಬಿಸಿಲು ಇಳಿಯುತ್ತಿತ್ತು.

"ದಾನಿ ಆ ಆಟ ಕೇಳತಾಳ. ಆಕಿಗೆ ಏನ್ ಹೇಳ್ಲಿ ನಾ?" ನೇತ್ರಾಳ ದನಿಯಲ್ಲಿ ಭಯವಿತ್ತು. ಮನೆಗೆ ಹೋಗಲು ಕಾಲೇ ಬರುತ್ತಿರಲಿಲ್ಲ.

"ನಾನೂ ಬರ್ತೀನಿ. ನಾನ ಹೇಳ್ತೀನಿ." ಅವನು ಅಂಗಡಿಯ ಶಟರ್ ಎಳೆದ. "ಅತ್ತಳು ಅಂದ್ರ ಇಬ್ರೂ ಕೂಡಿ ಸಮಾಧಾನ ಮಾಡೂಣು."

ಶಲವಡಿ ಬಸ್ಸು ಹೊರಡುವುದರಲ್ಲಿತ್ತು. ಹತ್ತುವ ಮೊದಲು ನೇತ್ರಾ ತಿರುಗಿದಳು.

"ಯಾರು ಬಂದಾರ ಅಂತ ಹೇಳ್ಲಿ ಆಕಿಗೆ? ಮಾಮಾ ಅನ್ಲೇನು?"

"ಮಾಮಾ ಬ್ಯಾಡ್ರಿ!" ಗೌರೀಶ ಗಾಬರಿಯಾದ. "ಆಕಿಗೆ ಮಾಮಾ ಆದ್ರ ನಿಮಗ ಅಣ್ಣ ಆಗಬೇಕಾಗತೈತಿ..."

"ಮತ್ತ?"

"ಚಿಗವ್ವನ ಗಂಡಗ ಏನಂತಾರೋ ಅದನ್ನ ಅನ್ಲಿ."

ನೇತ್ರಾ ತಲೆ ತಗ್ಗಿಸಿದಳು. "ಅದಕ್ಕ ಮೊದಲ ನಮ್ಮಪ್ಪನ್ನ ಕೇಳಬೇಕಾಗತೈತಿ."

"ಇವತ್ತ ಕೇಳ್ತೀನ್ರಿ."

ಕಂಡಕ್ಟರ್ ಸೀಟಿ ಊದಿದ. ಅವಳು ಮೆಟ್ಟಿಲೇರಿ ಕೈ ಚಾಚಿದಳು.

"ಹಂಗಾರ ಲಗೂನ ಹತ್ತ್ರಿ... ದಾನಿ ಕಾಕಾ."